ತಾ

ಉದ್ರಿ ಪುಸ್ತಕದಲ್ಲಿ ನಿನ್ನ ಪುಟವೇ ಬೇರೆ, ಉಲ್ಲಾಸ ಮಾಜಾಳೀಕರ.
ಉಳಿದವರದು ಉಂಡ ಲೆಕ್ಕ,
ನಿನ್ನದು ನಾನು ಉಣ್ಣುವ ಮೊದಲೇ ತೆತ್ತ ಲೆಕ್ಕ.
ಮುಂಗಡ ಮೂರೂವರೆ ಸಾವಿರ,
ಹೋಳಿ ಹುಣ್ಣಿಮೆಯ ಮರುದಿನ.
ಎರಡು ಸಲ ಎಣಿಸಿಕೊಂಡವನು ನೀನೇ.

ಹೇಳಿದ್ದು ಇಷ್ಟೇ:
ನೀಲಿ ನೆಲದ ಮೇಲೆ ಹಳದಿ ಅಕ್ಷರ,
'ತಾರಾಮತಿ ಖಾನಾವಳಿ',
ಕೆಳಗೊಂದು ಇಸೋಣ, ಬಾಲ ಸ್ವಲ್ಪ ಎತ್ತಿದ್ದು,
ಮೂಲೆಯಲ್ಲಿ ಫೋನ್ ನಂಬರು.
ತಾರಾಮತಿ ಅಂದರೆ ನನ್ನ ಅತ್ತೆ.
ಬದುಕಿದ್ದಾಗ ನಮ್ಮಿಬ್ಬರಿಗೂ ಅಷ್ಟಕ್ಕಷ್ಟೇ.
ಆದರೂ ಸಾರಿಗೆ ತಿರಫಲ ಯಾವಾಗ ಬೀಳಬೇಕೆಂದು
ಕಲಿಸಿದ್ದು ಅವಳು. ಒಂದು ಹೆಸರಿನ ಋಣ.

'ಫ್ಲೆಕ್ಸ್ ಹಾಕ್ಸು ಕಾಕಿ, ಎರಡು ತಾಸಿನ ಕೆಲಸ'
ಎಂದ ಭಾವನ ಮಗ.
ಫ್ಲೆಕ್ಸಿನ ಮೀನು ನೋಡಿದ್ದೇನೆ ನಾನು,
ಯಾವುದೋ ದೇಶದ ಕೆಂಪು ಮೀನು,
ಲಿಂಬೆಹೋಳು ಮುಡಿದು ಮಲಗಿರುತ್ತದೆ.
ನಿನ್ನ ಮೀನನ್ನು ಬೈತಖೋಲದ ಬೋಟುಗಳ ಮೇಲೆ ಕಂಡಿದ್ದೆ:
ಬೆಕ್ಕು ತಿರುಗಿ ನೋಡುವಂಥದ್ದು.
ಅದಕ್ಕೇ ಕೊಟ್ಟೆ.

ನೀನು ಬಂದೆ. ಏಣಿ ಹಾಕಿದೆ. ನೀಲಿ ಬಳಿದೆ.
ಮಧ್ಯಾಹ್ನದೊಳಗೆ ಒಂದಕ್ಷರ: ತಾ.
ಊಟಕ್ಕಿಳಿದೆ. ಬಂಗಡೆ ಎರಡು, ಸೋಲ್‌ಕಡಿ.
ಬಣ್ಣ ಒಣಗಲಿ ಅಂದೆ, ಹೋದೆ.

ಬಣ್ಣ ಒಣಗಿತು.
ಬೋಟುಗಳು ದಡಕ್ಕೆ ಬಂದು ತಾಡಪತ್ರಿ ಹೊದ್ದವು,
ಮಳೆ ಬಂತು, ಹೋಯಿತು,
ಬೋಟುಗಳು ಮತ್ತೆ ಕಡಲಿಗಿಳಿದವು.
ನಿನ್ನ ಬ್ರಶ್ಶು ಮಾತ್ರ ಕಾಣಕೋಣದಲ್ಲೇ ಉಳಿಯಿತು.
ಮಾವನಿಗೆ ಅಂಕೋಲೆಯಲ್ಲಿ ಕಾಲು ಮುರಿಯಿತು,
ಜುಲೈಯಲ್ಲಿ ಮುರಿದಿದ್ದ ಅದೇ ಕಾಲು.
ಹಳದಿ ಸಿಗಲಿಲ್ಲ, ಸಿಕ್ಕ ಹಳದಿ ಹಳದಿಯಲ್ಲ.
ಆಮೇಲೆ ಫೋನಿನೊಳಗಿಂದ ಒಬ್ಬ ಹೆಣ್ಣುಮಗಳು,
ನಿನಗಿಂತ ಶಿಸ್ತಾಗಿ, ಮೂರು ಭಾಷೆಯಲ್ಲಿ,
ನೀನು ಸಿಗುವುದಿಲ್ಲ ಎನ್ನತೊಡಗಿದಳು.

ಅಕ್ಷರ ಅಷ್ಟರಲ್ಲಿ ತನ್ನ ಕೆಲಸ ಶುರು ಮಾಡಿತ್ತು.
ಕೋಡಿಬಾಗದ ಕಂಡಕ್ಟರು 'ತಾ ಹೋಟೆಲ್, ಇಳೀರಿ' ಎಂದ.
ಗಿರಾಕಿಯೊಬ್ಬ ಕೆಳಗೆ ನಿಂತು ಓದಿ ನಕ್ಕ:
'ಏನು ತರಬೇಕು ಅಕ್ಕಾ?'
ತಾ.
ದುಡ್ಡು ಕೊಟ್ಟು ನನ್ನ ಬಾಗಿಲಿಗೆ ನಾನೇ
ತೂಗುಹಾಕಿಸಿಕೊಂಡ ತಗಾದೆ,
ಅದೂ ಸಾಲಗಾರನ ಕೈಬರಹದಲ್ಲಿ.

ನಿನ್ನನ್ನು ಹುಡುಕಿ ಬರುವವರೆಲ್ಲ ಈಗ ಇಲ್ಲೇ ಉಣ್ಣುತ್ತಾರೆ.
ಪುರಸು ತಾಂಡೇಲ. ಅವನ ಬೋಟಿಗೆ ನೀನು ಬರೆದದ್ದು ಒಂದೇ ಕಣ್ಣು,
ಬಲಗಡೆ ಕುರುಡಾಗಿಯೇ ಮೀನಿಗೆ ಹೋಗುತ್ತದೆ.
ಚೆಂಡಿಯಾ ಶಾಲೆಯ ಪಿರೇರಾ ಬಾಯೋರು.
ಅವರ ಗೋಡೆಯ ನಕಾಶೆ ಕಾಶ್ಮೀರದಿಂದ ಹೊರಟು
ಗೋವೆಯ ತನಕ ಇಳಿದು ನಿಂತುಬಿಟ್ಟಿದೆ.
'ನಮ್ಮ ಮಕ್ಕಳಿಗೆ ಕಾರವಾರ ಇನ್ನೂ ಹುಟ್ಟಿಲ್ಲ'
ಎಂದರು ಮುಳ್ಳು ಬಿಡಿಸುತ್ತ. ನಗಲಿಲ್ಲ.
ಪೊಲೀಸರಿಗೆ ಹೇಳೋಣವೆಂದ ಪುರಸು.
ಏನೆಂದು ಬರೆಸುವುದು?
ಒಂದು ಕಣ್ಣು, ಅರ್ಧ ದೇಶ, ಒಂದಕ್ಷರ
ಮುಟ್ಟಿದೆ ಎಂದೇ?

ನಿನ್ನೆ ಬಂದೆ ನೀನು. ಮೂರು ಗಂಟೆ, ಒಲೆ ತಣ್ಣಗಾದ ಹೊತ್ತು.
ಕೈಯಲ್ಲಿ ಡಬ್ಬಿಯಿಲ್ಲ, ಹೆಗಲಲ್ಲಿ ಏಣಿಯಿಲ್ಲ.
'ವೈನೀ, ಒಂದು ಚಾ ತಾ.'
ನಾನು ಬಾಯಿ ಬಿಡಲಿಲ್ಲ.
ಸೌಟೆತ್ತಿ ಮೇಲೆ ತೋರಿಸಿದೆ.

ನಾಚುತ್ತೀ ಅಂದುಕೊಂಡಿದ್ದೆ.
ನೀನು ರಸ್ತೆಗಿಳಿದೆ, ಬರುತ್ತಿದ್ದ ಟೆಂಪೊವನ್ನು ಕೈ ಮಾಡಿ ನಿಲ್ಲಿಸಿದೆ,
ಇನ್ನೂ ಎರಡು ಹೆಜ್ಜೆ ಹಿಂದೆ ಸರಿದು
ತಲೆ ಓರೆ ಮಾಡಿ, ಒಂದು ಕಣ್ಣು ಮುಚ್ಚಿ,
ಬೇರೆ ಯಾರೋ ಬರೆದದ್ದೆಂಬಂತೆ ನೋಡಿದೆ.
'ದೀರ್ಘದ ನೆರಳು ಚಲೋ ಕೂತಿದೆ' ಅಂದೆ.

ಕೂತಿದೆ. ಅದೇ ನನ್ನ ಹೊಟ್ಟೆಯುರಿ.
ಎಂಟು ತಿಂಗಳ ಬಿಸಿಲು, ಉಪ್ಪುಗಾಳಿ,
ಪಕ್ಕದಂಗಡಿಯ ಫ್ಲೆಕ್ಸು ಬಿಳಚಿ, ಹರಿದು ಜೋತಿದೆ.
ನಿನ್ನ ಹಳದಿ ಒಂದು ಚೂರೂ ಎದ್ದಿಲ್ಲ.

ಚಾ ಕೊಟ್ಟೆ, ಸಕ್ಕರೆ ಕಡಿಮೆ ಹಾಕಿ.
ಹತ್ತು ರೂಪಾಯಿ. ನಿನ್ನ ಪುಟದಲ್ಲೇ.
'ರಾ ಯಾವಾಗ?' ಎಂದು ಕೇಳಿದ್ದಕ್ಕೆ
ಲೋಟ ಕೆಳಗಿಟ್ಟು, ತೋರುಬೆರಳಿನಿಂದ ಗಾಳಿಯಲ್ಲಿ
ಒಂದು ರಾ ಬರೆದು ತೋರಿಸಿದೆ ನೀನು,
ನಿಧಾನಕ್ಕೆ, ದೀರ್ಘದ ಕೊನೆಯ ತಿರುವಿನ ತನಕ.

ಎಷ್ಟು ಚಂದ ಇತ್ತು, ಹಾಳಾದವನೇ.